ಖಂಡಗಳು ಸರಿದಿವೆಯೇ? ಕತ್ತರಿ ಹಿಡಿದು ನೋಡಿ

ಆಫ್ರಿಕಾದ ಪಶ್ಚಿಮ ಅಂಚು, ದಕ್ಷಿಣ ಅಮೆರಿಕದ ಪೂರ್ವ ಅಂಚು ಒಂದಕ್ಕೊಂದು ಹೊಂದುವಂತಿವೆ. ಆದರೆ ಆಕಾರ ಹೊಂದಿದ ಮಾತ್ರಕ್ಕೆ ನಂಬಬೇಡಿ. ಮೋಡದಲ್ಲೂ ಆನೆ ಕಾಣುತ್ತದೆ, ಅಲ್ವಾ? ಜೋಡಿಸಿ, ಆಮೇಲೆ ಪರೀಕ್ಷೆ ಮಾಡೋಣ. ಒಂದು ಗ್ಲೋಬ್, ಟ್ರೇಸಿಂಗ್ ಕಾಗದ, ಕತ್ತರಿ, ಬಣ್ಣದ ಪೆನ್ಸಿಲ್ ಸಾಕು.

ಮೊದಲು ಎರಡೂ ಖಂಡಗಳನ್ನು ಗ್ಲೋಬಿನ ಮೇಲಿಂದಲೇ ನಕಲು ಮಾಡಿಕೊಳ್ಳಿ. ಗೋಡೆಯ ಭೂಪಟ ಬೇಡ, ಅದರಲ್ಲಿ ಧ್ರುವಗಳ ಕಡೆಯ ನೆಲ ಹಿಗ್ಗಿರುತ್ತದೆ. ಕತ್ತರಿಸುವಾಗ ಒಂದು ಎಚ್ಚರಿಕೆ. ದಡದ ಗೆರೆಯಲ್ಲಿ ಕತ್ತರಿಸಬೇಡಿ. ದಡದ ಪಕ್ಕ ತಿಳಿನೀಲಿ ಪಟ್ಟಿ ಇರುತ್ತದಲ್ಲ, ಅದನ್ನೂ ಸೇರಿಸಿ ಕತ್ತರಿಸಿ. ಅದು ನೀರಿನಡಿ ಮುಳುಗಿರುವ ಖಂಡದ ಅಂಚು. ದಡ ಸಮುದ್ರಮಟ್ಟದ ಜೊತೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. 1965ರಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದಾಗಲೂ ಸುಮಾರು 900 ಮೀಟರ್ ಆಳದ ಗೆರೆಯನ್ನೇ ಹಿಡಿದಿದ್ದರು. ತುಂಡುಗಳು ಚೆನ್ನಾಗಿ ಕೂತವು.

ಈಗ ನಿಜವಾದ ಪರೀಕ್ಷೆ. ಜರ್ಮನಿಯ ಹವಾಮಾನ ತಜ್ಞ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಖಂಡಗಳು ಸರಿಯುತ್ತವೆ ಎಂದಿದ್ದರು. ಅವರು ಕೊಟ್ಟ ಹೋಲಿಕೆ ಹರಿದ ಪತ್ರಿಕೆಯದು: ಅಂಚು ಕೂಡಿದರೆ ಸಾಲದು, ಅಕ್ಷರದ ಸಾಲುಗಳೂ ಈ ತುಂಡಿನಿಂದ ಆ ತುಂಡಿಗೆ ಮುಂದುವರಿಯಬೇಕು.

ಸಾಲುಗಳನ್ನು ಹುಡುಕೋಣ. ದಕ್ಷಿಣ ಬ್ರೆಜಿಲ್, ದಕ್ಷಿಣ ಆಫ್ರಿಕಾ ಎರಡರಲ್ಲೂ ಹಸಿರು ಚುಕ್ಕಿ ಇಡಿ. ಅಲ್ಲಿ ಮೆಸೊಸಾರಸ್ ಎಂಬ ಪ್ರಾಣಿಯ ಪಳೆಯುಳಿಕೆ ಸಿಕ್ಕಿದೆ. ಸುಮಾರು ಒಂದು ಮೀಟರ್ ಉದ್ದದ ಸರೀಸೃಪ ಅದು, ಕಡಿಮೆ ಆಳದ ನೀರಿನಲ್ಲಿ ಇರುತ್ತಿತ್ತು. ಅಟ್ಲಾಂಟಿಕ್ ಈಜಿ ದಾಟಿತು ಅನ್ನುವುದು ಸುಮ್ನೆ ಮಾತು. ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಗುರುತಂತೂ ಭಾರತ, ಆಸ್ಟ್ರೇಲಿಯಾ, ಅಂಟಾರ್ಟಿಕಾದಲ್ಲೂ ಇದೆ.

ನನಗೆ ಜಾಸ್ತಿ ಇಷ್ಟದ ಸಾಕ್ಷಿ ಹಿಮನದಿಯ ಗೀರುಗಳು. ಸರಿಯುವ ಹಿಮ ತನ್ನಡಿಯ ಕಲ್ಲಿನಿಂದ ಬಂಡೆ ಗೀಚಿಕೊಂಡು ಹೋಗುತ್ತದೆ. ಸುಮಾರು 30 ಕೋಟಿ ವರ್ಷ ಹಳೆಯ ಅಂಥ ಗೀರುಗಳು ಈ ಎರಡೂ ಖಂಡಗಳಲ್ಲಿವೆ. ದಕ್ಷಿಣ ಅಮೆರಿಕದಲ್ಲಿ ಹಿಮ ಪೂರ್ವದ ಕಡೆಯಿಂದ, ಅಂದರೆ ಈಗ ಸಮುದ್ರ ಇರುವ ಕಡೆಯಿಂದ, ನೆಲ ಹತ್ತಿ ಬಂದಂತೆ ಕಾಣುತ್ತದೆ. ಸಮುದ್ರದಿಂದ ಹಿಮನದಿ ಹುಟ್ಟುತ್ತದೆಯೇ? ಆ ದಿಕ್ಕಿಗೆ ಬಾಣ ಹಾಕಿ, ತುಂಡುಗಳನ್ನು ಜೋಡಿಸಿ. ಬಾಣದ ಬುಡ ಆಫ್ರಿಕಾದ ಮೇಲೆ ಕೂರುತ್ತದೆ.

ಇಷ್ಟಿದ್ದರೂ ವೆಗೆನರ್ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಖಂಡಗಳನ್ನು ತಳ್ಳುವ ಬಲ ಯಾವುದು ಎಂದು ಅವರಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಉತ್ತರದ ಸುಳಿವು ನೀರಿನಡಿ ಇತ್ತು.

ಕೊನೆಗೆ ತುಂಡುಗಳನ್ನು ಈಗಿನ ಜಾಗಕ್ಕೆ ಎಳೆದು, ನಡುವೆ ಒಂದು ಗೆರೆ ಹಾಕಿ. ಅಟ್ಲಾಂಟಿಕ್ ತಳದ ಬೆಟ್ಟಸಾಲು ಹೆಚ್ಚುಕಡಿಮೆ ಅಲ್ಲೇ ಇದೆ, ಎರಡೂ ದಡಗಳ ಹಾಗೇ ಬಳುಕಿಕೊಂಡು. ಅಲ್ಲಿ ಕರಗಿದ ಶಿಲೆ ಮೇಲೆ ಬಂದು ಹೊಸ ತಳವಾಗುತ್ತದೆ. 1968ರಲ್ಲಿ ಕೊರೆಯುವ ಹಡಗೊಂದು ಈ ಸಾಲಿನ ಎರಡೂ ಕಡೆ ತಳವನ್ನು ಕೊರೆದು ನೋಡಿತು. ಸಾಲಿನಿಂದ ದೂರ ಹೋದಷ್ಟೂ ತಳ ಹಳೆಯದಾಗಿತ್ತು.

ಲೆಕ್ಕ ಹಾಕಿ. ಅಟ್ಲಾಂಟಿಕ್ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರ್ ಅಗಲವಾಗುತ್ತಿದೆ. 10 ಕೋಟಿ ವರ್ಷಕ್ಕೆ 2,500 ಕಿಲೋಮೀಟರ್ ಆಯಿತು. ಈ ಎರಡು ಖಂಡಗಳು ತೀರಾ ಹತ್ತಿರ ಬರುವ ಕಡೆ ಈಗಿನ ಅಂತರ ಸುಮಾರು 2,900.