ಎದೆಯಲ್ಲಿ ಕೀವು ಕಟ್ಟಿದೆಯಾ? ಕುಯ್ಯುವುದಕ್ಕೂ ಮುಂಚೆ ಸೂಜಿ ಇದೆ

ನನ್ನ ಓರಗಿತ್ತಿಗೆ ಹೆರಿಗೆಯಾಗಿ ಐದನೇ ವಾರ. ಎಡಗಡೆ ಎದೆ ಕೆಂಪಗಾಗಿ ಕಲ್ಲಿನ ಹಾಗೆ ಗಟ್ಟಿಯಾಯಿತು, ರಾತ್ರಿ ಚಳಿಜ್ವರ ಬೇರೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಹಾಲು ಕಟ್ಟಿದೆ, ಬಿಸಿನೀರು ಹುಯ್ದು ಚೆನ್ನಾಗಿ ತಿಕ್ಕಿ. ತಿಕ್ಕಿದ್ದೂ ಆಯಿತು. ನಾಲ್ಕು ದಿನಕ್ಕೆ ನಿಂಬೆಹಣ್ಣಿನ ಗಾತ್ರದ ಗಂಟು. ಮೊದಲು ತೋರಿಸಿದ ಕಡೆ "ನಾಳೆಯೇ ಕುಯ್ಯಬೇಕು" ಅಂದರು. ಇನ್ನೊಂದು ಕಡೆ ಸ್ಕ್ಯಾನ್ ಮಾಡಿ, ಸೂಜಿಯಲ್ಲಿ ಮೂರು ಸಲ ಕೀವು ಎಳೆದರು, ಅಷ್ಟಕ್ಕೇ ಮುಗಿಯಿತು.

ಮೊದಲ ಕೆಲಸ, ತಿಕ್ಕುವುದನ್ನು ನಿಲ್ಲಿಸುವುದು. ಒತ್ತಿ ತಿಕ್ಕಿದಷ್ಟೂ ಒಳಗಿನ ಊತ ಜಾಸ್ತಿಯಾಗುತ್ತದೆ. ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ, ಮಗು ಕೇಳಿದಾಗ ಹಾಲು ಕೊಡಿ, ನೋವಿಗೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ತಗೊಳ್ಳಿ. ಒಂದು ದಿನದಲ್ಲಿ ಇಳಿಯದಿದ್ದರೆ, ಇಲ್ಲಾ ಜ್ವರ ಏರುತ್ತಿದ್ದರೆ, ತಡಮಾಡದೆ ತೋರಿಸಿ, ಆ್ಯಂಟಿಬಯಾಟಿಕ್ ಬೇಕಾಗಬಹುದು. ಬಾಣಂತಿಯರಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ದೃಷ್ಟಿ ತೆಗೆದರೆ ಅದೇನು ಓಡಿಹೋಗುವುದಿಲ್ಲ.

ಗಂಟು ಉಳಿದರೆ ಅಲ್ಟ್ರಾಸೌಂಡ್. ಕೈಯಲ್ಲಿ ಒತ್ತಿ ನೋಡಿದರೆ ಊತ ಯಾವುದು, ಕೀವು ಯಾವುದು ಅನ್ನುವುದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಬರೀ ಊತಕ್ಕೆ ಕತ್ತರಿ ಹಾಕಿದರೆ ಸುಮ್ನೆ ಗಾಯ, ಅಲ್ವಾ?

ಕೀವು ಇದೆ ಅಂತಾದರೆ ಮೊದಲು ಸೂಜಿ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪರದೆಯಲ್ಲಿ ನೋಡಿಕೊಂಡೇ ದಪ್ಪ ಸೂಜಿ ಇಳಿಸಿ ಸಿರಿಂಜಿನಲ್ಲಿ ಎಳೆಯುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದೆ, ಬಂದದ್ದು ಮಜ್ಜಿಗೆಗೆ ಅರಿಶಿನ ಕದಡಿದ ಹಾಗಿತ್ತು. ಕೀವು ಗಟ್ಟಿಯಿದ್ದರೆ ಸಲೈನ್ ಬಿಟ್ಟು ತೊಳೆಯುತ್ತಾರೆ. ಸ್ವಲ್ಪ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಲು ಹೇಳಿ, ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಅದರಿಂದಲೇ ಗೊತ್ತಾಗುವುದು. ಎರಡು ಮೂರು ದಿನ ಬಿಟ್ಟು ಮತ್ತೆ ಸ್ಕ್ಯಾನ್, ತುಂಬಿದ್ದರೆ ಮತ್ತೆ ಸೂಜಿ. ಒಂದೇ ಸಲಕ್ಕೆ ಹೋಗಲಿಲ್ಲ ಅಂತ ಗಾಬರಿಯಾಗಬೇಡಿ. ಕೀವಿನ ಗುಂಡಿ ದೊಡ್ಡದಿದ್ದರೆ, ಅಂದರೆ 5 ಸೆಂ.ಮೀ. ಹತ್ತಿರವೋ ಮೇಲೋ ಇದ್ದರೆ, ಸಣ್ಣ ಕೊಳವೆಯೊಂದನ್ನು ಕೆಲವು ದಿನ ಒಳಗೇ ಬಿಡುವುದೂ ಉಂಟು.

ಹಾಗಂತ ಕುಯ್ಯುವವರೆಲ್ಲ ತಪ್ಪು ಅಂತಲ್ಲ. ಮೇಲಿನ ಚರ್ಮ ತೆಳುವಾಗಿ ಮಿರಿಮಿರಿ ಮಿಂಚುತ್ತಿದ್ದರೆ, ಕಪ್ಪಾಗಿದ್ದರೆ, ಸೂಜಿ ಹಾಕಿ ಹಾಕಿಯೂ ತುಂಬುತ್ತಲೇ ಇದ್ದರೆ ಕುಯ್ಯುವುದೇ ಸರಿ. ಆಮೇಲೆ ದಿನಾ ಡ್ರೆಸ್ಸಿಂಗ್, ಗಾಯ ಮಾಯಲು ವಾರಗಳು, ಕಲೆ. ಕೆಲವರಿಗೆ ಗಾಯದಿಂದಲೇ ಹಾಲು ಸೋರುವುದೂ ಉಂಟು.

ಯಾವ ದಾರಿಯಾದರೂ ಹಾಲು ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಬಾವು ಇನ್ನೂ ಹೆಚ್ಚುತ್ತದೆ. ಗಾಯ ತೊಟ್ಟಿನ ಪಕ್ಕದಲ್ಲೇ ಇದ್ದು ಮಗು ಬಾಯಿ ಹಾಕಲಾಗದಿದ್ದರೆ ಆ ಕಡೆಯ ಹಾಲನ್ನು ಹಿಂಡಿ ತೆಗೆಯಿರಿ.

ಹಾಲುಣಿಸದವರ ಕಥೆಯೇ ಬೇರೆ. ಗ್ರಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್ ಅಂತೊಂದಿದೆ, ಎದೆಯಲ್ಲಿ ಗಂಟು ಕಟ್ಟಿ ಬಹಳ ದಿನ ಕಾಡುವ ಉರಿಯೂತ, ಮಕ್ಕಳಾಗಿ ಕೆಲವು ವರ್ಷದ ಮೇಲೆ ಬರುವುದೇ ಜಾಸ್ತಿ. ನೋಡಲು ಕ್ಷಯದ ಹಾಗೇ ಇರುತ್ತದೆ, ಕ್ಯಾನ್ಸರಿನ ಹಾಗೂ ಕಾಣಬಹುದು. ಇದನ್ನು ಕುಯ್ದರೆ ಗಾಯ ಬೇಗ ಮಾಯುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಏಳುತ್ತದೆ. ಸೂಜಿಯಲ್ಲೇ ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿಸಬೇಕು. ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕಾದರೆ ತಾನೇ ಇಳಿಯುತ್ತದೆ, ಕೆಲವರಿಗೆ ಸ್ಟೀರಾಯ್ಡ್ ಬೇಕು. ಆದರೆ ಕ್ಷಯ ಅಲ್ಲ ಅಂತ ಖಾತ್ರಿಯಾಗದೆ ಸ್ಟೀರಾಯ್ಡ್ ಮುಟ್ಟಬೇಡಿ. ಕ್ಷಯವೇ ಆದರೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆಯಲ್ಲೇ ವಾಸಿ. ಸಿಗರೇಟು ಸೇದುವವರಿಗೆ ತೊಟ್ಟಿನ ಸುತ್ತ ಪದೇ ಪದೇ ಕೀವಾಗಿ ತೂತು ಬಿದ್ದಿದ್ದರೆ ಮಾತ್ರ, ಕೆಟ್ಟುಹೋದ ಹಾಲುನಾಳವನ್ನು ಆಪರೇಷನ್ ಮಾಡಿ ತೆಗೆಯದೆ ಅದು ಹೋಗುವುದು ಕಷ್ಟ.

ಜ್ವರವಿಲ್ಲ, ಆದರೂ ಎದೆ ಕೆಂಪಗಿದೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿಕುಳಿ, ಆ್ಯಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ ಅಂದರೆ ಮನೆಮದ್ದು ಬಿಟ್ಟು ಅದೇ ವಾರ ಬಯಾಪ್ಸಿ ಮಾಡಿಸಿ. ಉರಿಯೂತದ ಹಾಗೇ ಕಾಣುವ ಕ್ಯಾನ್ಸರೂ ಒಂದಿದೆ.