ಬಿಸುವಿಗೆ ಮೊದಲು ಅಟ್ಟ ಇಳಿಸುವ ಕ್ರಮ

ಕಾಸರಗೋಡಿನ ಕಡೆ ಮನೆಯ ಸಾಮಾನು ಕಡಿಮೆ ಮಾಡಿಕೊಳ್ಳಲು ಹೊರಟವರು ಎಲ್ಲಕ್ಕಿಂತ ಮೊದಲು ತಿಂಗಳನ್ನು ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವಷ್ಟು ತೇವವಿರುವ ನಮ್ಮಲ್ಲಿ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಸಿದ ವಸ್ತು ವಾರದೊಳಗೆ ಬೂಸ್ಟು ಹಿಡಿಯುತ್ತದೆ. ಡಿಸೆಂಬರಿನ ಅನಂತರ ಅಂಗಳ ಅಡಿಕೆಯ ಪಾಲಾಗಿರುತ್ತದೆ. ಆದುದರಿಂದ ಕುಂಭ ಮತ್ತು ಮೀನ ತಿಂಗಳುಗಳಲ್ಲಿ, ಅಂದರೆ ಫೆಬ್ರವರಿಯ ನಡುವಿನಿಂದ ಎಪ್ರಿಲ್ ನಡುವಿನ ಸೌರ ಯುಗಾದಿಯಾದ ಬಿಸುವಿನ ತನಕ, ಅಂಗಳದ ಒಂದು ಮೂಲೆಯನ್ನು ಅಡಿಕೆಯಿಂದ ಬಿಡಿಸಿಕೊಂಡು ಈ ಕೆಲಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ದಿನಕ್ಕೆ ಬೆಳಗ್ಗಿನ ಎರಡು ಗಂಟೆ, ಒಂದು ದಿನಕ್ಕೆ ಒಂದೇ ಜಾಗ ಎಂದು ನಿಶ್ಚಯಿಸಿದರೆ ಸಾಕು. ಇಡೀ ಮನೆಯನ್ನು ಒಟ್ಟಿಗೆ ಹೊರಗೆ ಹಾಕಿದವರು ಸಂಜೆ ದಣಿದು ಎಲ್ಲವನ್ನೂ ಇದ್ದಲ್ಲಿಗೇ ತುರುಕುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಆರಂಭ ಅಡುಗೆಮನೆ ಮತ್ತು ಉಗ್ರಾಣದಿಂದ ಆಗಲಿ, ಏಕೆಂದರೆ ಮುಚ್ಚಳವಿಲ್ಲದ ಡಬ್ಬಿಯ ಮೇಲೆ ಯಾರಿಗೂ ಮಮತೆ ಇರುವುದಿಲ್ಲ. ಕಳೆದ ಬಿಸುವಿನಿಂದ ಈಚೆಗೆ ಇದನ್ನು ಯಾರಾದರೂ ಕೈಯಲ್ಲಿ ಹಿಡಿದಿದ್ದಾರೆಯೇ ಎಂಬ ಪ್ರಶ್ನೆ ಇಲ್ಲಿಗೆ ಸಾಲುತ್ತದೆ. ತಿಥಿಗೆ, ಪೂಜೆಗೆ ವರ್ಷಕ್ಕೊಮ್ಮೆ ಮಾತ್ರ ಇಳಿಯುವ ಪಾತ್ರೆಗಳನ್ನು ಬೇರೆಯೇ ಎಣಿಸಬೇಕು. ನೂರು ಜನರ ಅಡುಗೆಯ ಕೊಪ್ಪರಿಗೆಯನ್ನಾದರೋ, ಈಗ ಅಡುಗೆಯವರೇ ಪಾತ್ರೆ ತರುವ ಕಾಲವಾದುದರಿಂದ, ಊರಿನ ಭಜನಾ ಮಂದಿರಕ್ಕೆ ಕೊಟ್ಟರೆ ಅದು ಮತ್ತೆ ಒಲೆ ಕಾಣುತ್ತದೆ.

ಅಟ್ಟಕ್ಕೆ ಹತ್ತುವಾಗ ಮನೆಯ ಹಿರಿಯರೊಬ್ಬರು ಕೆಳಗೆ ಕುರ್ಚಿಯಲ್ಲಿ ಕುಳಿತಿರಬೇಕು. "ಇದು ಬೇಕೋ ಬೇಡವೋ" ಎಂದು ಅವರಲ್ಲಿ ಕೇಳಬಾರದು. ಹಾಗೆ ಕೇಳಿದರೆ ಬೇಕು ಎಂಬ ಉತ್ತರವೇ ಬರುತ್ತದೆ, ಬರುವುದು ಸಹಜವೂ ಹೌದು. "ಅಜ್ಜೀ, ಇದರಲ್ಲಿ ಏನು ಹಾಕುತ್ತಿದ್ದಿರಿ?" ಎಂದು ಕೇಳಿ ನೋಡಿ. ಕುತ್ತಿಗೆಗೆ ಬಟ್ಟೆಯ ಚೂರು ಸುತ್ತಿಕೊಂಡಿರುವ, ಒಳಗೆ ಇನ್ನೂ ಉಪ್ಪಿನ ಬಿಳಿ ಗೆರೆ ಉಳಿದಿರುವ ಒಂದು ಭರಣಿಯನ್ನು ಮುಟ್ಟಿ ನೋಡುತ್ತಾ ಅವರು ಮಾವಿನ ಮಿಡಿಯ ವಿಷಯ ಹೇಳಿ ಮುಗಿಸುವಷ್ಟರಲ್ಲಿ, ಅಂಥ ಆರರಲ್ಲಿ ಒಂದನ್ನು ಅಡುಗೆಮನೆಯಲ್ಲಿ ಬಳಕೆಗೆ ಇಟ್ಟುಕೊಂಡು ಉಳಿದದ್ದನ್ನು ಮಗಳಂದಿರಿಗೂ ನೆರೆಯವರಿಗೂ ಕೊಡೋಣವೆಂದು ತಾವೇ ಹೇಳುವುದುಂಟು.

ಗಡಿನಾಡಿನ ಮನೆಗಳಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಕಾಗದಗಳ ವಿಷಯದಲ್ಲಿ. ಹಿಂದೊಮ್ಮೆ ನಮ್ಮ ಮನೆಯಲ್ಲಿ ಅಟ್ಟ ಗುಡಿಸಿದಾಗ ಒರಲೆ (ಗೆದ್ದಲು) ತಿಂದ ಕಟ್ಟೊಂದನ್ನು ಬಿಡಿಸಿಯೂ ನೋಡದೆ ಬಚ್ಚಲೊಲೆಗೆ ಹಾಕಿದ್ದೆವು. ಅದರಲ್ಲಿ ಅಜ್ಜನ ಕಾಲದ ಮೂಲಗೇಣಿ ಚೀಟು, ಅಂದರೆ ಶಾಶ್ವತ ಗೇಣಿಯ ಕರಾರುಪತ್ರ, ಇತ್ತೆಂಬುದು ತೋಟದ ಗಡಿಯ ಪ್ರಶ್ನೆ ಎದ್ದ ದಿನ ತಿಳಿಯಿತು. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಅಕ್ಷರ ಕೂಡಿಸಿ ಬರೆದ ಹಳೆಯ ಮೋಡಿ ಬರಹದ ಕನ್ನಡ ಗೀಚಿದಂತೆ ಕಾಣುವುದರಿಂದ, ಓದಬಲ್ಲವರು ಓದದ ಯಾವ ಕಾಗದವನ್ನೂ ಹೊರಗೆ ಹಾಕಬಾರದು.

ವಿಂಗಡಿಸಲು ಒಂದು ಸುಲಭದ ದಾರಿಯಿದೆ: ಕಾಗದದಲ್ಲಿರುವ ಜಿಲ್ಲೆಯ ಹೆಸರನ್ನು ನೋಡಿ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ ಬಳಿಕ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಮೂರು ಕಟ್ಟುಗಳಾಗುತ್ತವೆ. ಗೇಣಿ ಚೀಟು, ಪಾಲುಪಟ್ಟಿಗಳು ಹೆಚ್ಚಾಗಿ ಮೊದಲನೆಯದರಲ್ಲಿ ಸಿಗುತ್ತವೆ. 1970ರ ಭೂಸುಧಾರಣೆಯ ಮೇಲೆ ಲ್ಯಾಂಡ್ ಟ್ರಿಬ್ಯೂನಲ್ ಗೇಣಿದಾರರಿಗೆ ಭೂಮಿಯ ಒಡೆತನಕ್ಕಾಗಿ ಕೊಟ್ಟ ಕ್ರಯ ಸರ್ಟಿಫಿಕೇಟು ಎರಡನೆಯದರಲ್ಲಿ ಇರುವ ಸಂಭವ ಹೆಚ್ಚು. ಕಾಗದಗಳನ್ನು ನೇರ ಬಿಸಿಲಿಗೆ ಹಾಕದೆ ಜಗಲಿಯ ನೆರಳಿನಲ್ಲಿ ಆರಿಸಿ, ಮೆತ್ತಗಿನ ಬಟ್ಟೆಯಿಂದ ಧೂಳು ಒರೆಸಿ, ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಹರಿದ ಕಡೆ ಸೆಲೋಟೇಪು ಅಂಟಿಸಬಾರದು, ಲ್ಯಾಮಿನೇಷನ್ ಮಾಡಿಸಲೇಬಾರದು. ತಾಳೆಗರಿಯ ಕಟ್ಟು ಸಿಕ್ಕಿದರೆ ದಾರ ಬಿಚ್ಚದೆ, ತುಳು ಲಿಪಿ ಓದಬಲ್ಲವರಿಗೆ ತೋರಿಸಿ. ಹಳೆಯ ಕರೆಂಟು ಬಿಲ್ಲು, ಗ್ಯಾರಂಟಿ ಕಾರ್ಡು, ಮದುವೆಯ ಆಮಂತ್ರಣ ಕಾಗದಗಳ ರಾಶಿಯನ್ನು ನಿಶ್ಚಿಂತೆಯಿಂದ ಗುಜರಿಗೆ ಕೊಡಬಹುದು.

ಕೊಟ್ಟಗೆ, ಪಂಪುಶೆಡ್ಡುಗಳನ್ನು ಮರೆಯಬೇಡಿ. ಎಂಡೋಸಲ್ಫಾನಿನ ಸಂಕಟ ಕಂಡ ಈ ನೆಲದಲ್ಲಿ ಹಳೆಯ ಕೀಟನಾಶಕದ ಬಾಟಲಿಯನ್ನು ಮೂಲೆಯಲ್ಲಿ ಬಿಟ್ಟು ಕಾಲ ಕಳೆಯುವುದನ್ನು ನನಗೆ ಒಪ್ಪಲು ಸಾಧ್ಯವಿಲ್ಲ. ಆ ವಿಷಕ್ಕೆ ಸುಪ್ರೀಂ ಕೋರ್ಟು ದೇಶದಲ್ಲಿಯೇ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಲೇಬಲು ಹರಿದ ಬಾಟಲಿಯನ್ನು ತೆರೆಯಬೇಡಿ, ಮೂಸಬೇಡಿ, ಬಾವಿ ಅಥವಾ ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ಬಿಲ) ನೀರಿನ ಹತ್ತಿರ ತೊಳೆಯಬೇಡಿ, ಹೂಳಬೇಡಿ. ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು ಪಂಚಾಯತಿನ ಕೃಷಿಭವನಕ್ಕೆ ತಿಳಿಸಿ. ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟರೆ ಬರುವ ಮಳೆಗಾಲಕ್ಕೆ ಒದಗುತ್ತದೆ.

ಪ್ಲಾಸ್ಟಿಕನ್ನು ತೊಳೆದು ಒಣಗಿಸಿ ಪಂಚಾಯತಿನ ಪರವಾಗಿ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಬೇಕು, ಸುಡಬಾರದು. ಗಾಜು, ಚಪ್ಪಲಿ, ಕೆಟ್ಟ ವಿದ್ಯುತ್ ಉಪಕರಣಗಳನ್ನು ಯಾವ ತಿಂಗಳು ಒಯ್ಯುತ್ತಾರೆಂದು ಅವರಲ್ಲಿಯೇ ಮೊದಲು ವಿಚಾರಿಸಿಕೊಂಡರೆ ಜಗಲಿಯಲ್ಲಿ ರಾಶಿ ಬೀಳುವುದಿಲ್ಲ.

ಅಟ್ಟ ಖಾಲಿಯಾದ ಮೇಲೆ ಒಂದು ಮಳೆಗಾಲ ಅದನ್ನು ಹಾಗೆಯೇ ಬಿಡಿ. ಎಲ್ಲಿ ಹಂಚು ಸೋರುತ್ತದೆ, ಯಾವ ತೊಲೆಗೆ ಒರಲೆ ಹತ್ತಿದೆ ಎಂಬುದು ಆಗಲೇ ಕಣ್ಣಿಗೆ ಬೀಳುವುದು. ಹೊಸತಾಗಿ ಏನನ್ನಾದರೂ ಕೊಳ್ಳುವ ಮೊದಲು ಅದನ್ನು ಮನೆಯಲ್ಲಿ ಎಲ್ಲಿ ಇಡುತ್ತೇವೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿ. ಜಾಗ ಹೇಳಲು ಆಗದಿದ್ದರೆ ಖರೀದಿಯನ್ನು ಮುಂದಿನ ತಿಂಗಳಿಗೆ ತಳ್ಳಿ. ಕಾಗದದ ಪೆಟ್ಟಿಗೆಯನ್ನು ಮಾತ್ರ ವರ್ಷಕ್ಕೊಮ್ಮೆ, ತೀರ್ವೆ (ಭೂಕಂದಾಯ) ಕಟ್ಟಿ ಬಂದ ದಿನ ತೆರೆದು, ರಶೀದಿಯನ್ನು ಮೂರನೆಯ ಕಟ್ಟಿನ ಮೇಲೆ ಇಟ್ಟು ಮುಚ್ಚಿ.