ಫಿಜಿಯ ಹಳ್ಳಿಮನೆಯಲ್ಲಿ ಉಳಿಯಬೇಕೆ? ಮೊದಲು ಅರ್ಧ ಕಿಲೋ ಬೇರು ಕೊಳ್ಳಿ

ಫಿಜಿಯ ಹಳ್ಳಿ ಶಾಲೆಯಲ್ಲಿ ಪಾಠ ಹೇಳಲೋ, ಕಡಲಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡಲೋ ಹೋಗುವ ಸ್ವಯಂಸೇವಕರಿಗೆ ಎಷ್ಟೋ ಸಲ ಊರಿನ ಒಂದು ಕುಟುಂಬದ ಜತೆಗೇ ವಾಸ. ಇದನ್ನು ಪೇಯಿಂಗ್ ಗೆಸ್ಟ್ ವ್ಯವಸ್ಥೆ ಅಂದುಕೊಂಡವರು ಮೊದಲ ವಾರವೇ ಎಡವುತ್ತಾರೆ. ಆ ಮನೆಯವರು ನಿಮ್ಮ ಪರವಾಗಿ ಊರಿಗೆ ಜಾಮೀನು ನಿಂತಿರುತ್ತಾರೆ. ನೀವು ಟೋಪಿ ಹಾಕಿಕೊಂಡು ಊರೊಳಗೆ ಓಡಾಡಿದರೆ, ಅಲ್ಲಿ ಅದು ಅಗೌರವವಾದರೂ, ನಿಮಗೆ ಯಾರೂ ಏನೂ ಅನ್ನುವುದಿಲ್ಲ. ಮಾತು ಕೇಳಬೇಕಾದವಳು ಮನೆಯೊಡತಿ.

ಹೊರಡುವ ಮುನ್ನ

ಕಳಿಸುವ ಸಂಸ್ಥೆಯಿಂದ ಎರಡು ವಿಷಯ ಬರಹದಲ್ಲೇ ತರಿಸಿಕೊಳ್ಳಿ. ನೀವು ಮಾಡುವ ಸೇವೆಗೆ ಯಾವ ಪರವಾನಗಿ ಬೇಕು ಎನ್ನುವುದು ಒಂದು. ಪ್ರವಾಸಿ ಅನುಮತಿ ಸಾಕು ಎಂದು ನೀವಾಗಿಯೇ ತೀರ್ಮಾನಿಸಬೇಡಿ. ಊಟ-ವಸತಿಯ ಹಣ ಮನೆಯವರ ಕೈಗೆ ಎಷ್ಟು, ಯಾವಾಗ ತಲುಪುತ್ತದೆ ಎನ್ನುವುದು ಇನ್ನೊಂದು. ಇದು ಗೊತ್ತಿಲ್ಲದೆ ಹೋದರೆ ಒಂದೋ ಎರಡು ಸಲ ಕೊಡುತ್ತೀರಿ, ಇಲ್ಲವೇ ಬಿಟ್ಟಿ ಉಂಡವರಾಗುತ್ತೀರಿ.

ಅಲ್ಲಿನ ವಿದ್ಯುತ್ 240 ವೋಲ್ಟ್, ನಮ್ಮ ಚಾರ್ಜರ್ ನಡೆಯುತ್ತದೆ. ಆದರೆ ಪ್ಲಗ್ ಆಸ್ಟ್ರೇಲಿಯಾ ಮಾದರಿಯ ಓರೆ ಚಪ್ಪಟೆ ಪಿನ್ನಿನದು, ಅಡಾಪ್ಟರ್ ಬೇಕು. ದೂರದ ದ್ವೀಪಗಳಲ್ಲಿ ಸೋಲಾರ್ ಅಥವಾ ಸಂಜೆ ಕೆಲ ಗಂಟೆಯ ಜನರೇಟರ್ ಅಷ್ಟೇ, ಹಾಗಾಗಿ ಪವರ್ ಬ್ಯಾಂಕ್ ಮತ್ತು ತಲೆಗೆ ಕಟ್ಟುವ ಟಾರ್ಚ್ ಇರಲಿ. ಉಪ್ಪಿನಕಾಯಿ, ಬೇಳೆಕಾಳು, ತುಪ್ಪ ಕಟ್ಟಿಕೊಂಡು ಹೋಗುವ ಅಭ್ಯಾಸ ಇಲ್ಲಿ ಬೇಡ. ತಿನ್ನುವ ವಸ್ತು ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಇಲ್ಲದಿದ್ದರೆ ದಂಡ. 1879ರಿಂದ 1916ರವರೆಗೆ ಕಬ್ಬಿನ ಗದ್ದೆಗೆಂದು ಭಾರತದಿಂದ ಹಡಗಿನಲ್ಲಿ ಒಯ್ದ ಗಿರ್ಮಿಟ್, ಅಂದರೆ ಕರಾರಿನ, ಕೂಲಿಗಳ ಸಂತತಿಯವರ ಅಂಗಡಿಗಳು ಪೇಟೆಗಳಲ್ಲಿವೆ. ಬೇಳೆ, ಜೀರಿಗೆ, ಅರಿಸಿನ ಅಲ್ಲೇ ಸಿಗುತ್ತದೆ. ಹರಕುಮುರುಕು ಹಿಂದಿ ಬಂದರೂ ವ್ಯಾಪಾರ ಸಲೀಸು.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆಗ ಹೋಗುವವರು ಊರಿನ ಆಶ್ರಯ ಕಟ್ಟಡ ಯಾವುದು ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಅಕ್ಷರ ಒಂದು, ಉಚ್ಚಾರ ಇನ್ನೊಂದು

ಫಿಜಿಯನ್ನರು ರೋಮನ್ ಲಿಪಿ ಬಳಸುತ್ತಾರೆ, ಆದರೆ ಓದುವುದು ಬೇರೆ ಥರ. 'ಡಿ' ಅಕ್ಷರ ಅವರಿಗೆ 'ಂದ', 'ಬಿ' ಅಂದರೆ 'ಂಬ', 'ಕ್ಯೂ' ಮತ್ತು 'ಜಿ' ಎರಡರಲ್ಲೂ ಅನುನಾಸಿಕ, 'ಸಿ' ಅಂದರೆ 'ದ' ಮತ್ತು 'ಥ'ಗಳ ನಡುವಿನ ಸದ್ದು. ನಕಾಶೆಯಲ್ಲಿ ನಾಡಿ ಎಂದು ಕಾಣುವ ಊರು ನಾಂದಿ. ಬಸ್ಸಿನವನಿಗೆ ತಪ್ಪಾಗಿ ಕೇಳಿದರೆ ಅವನಿಗೆ ಅರ್ಥವಾಗದಿರಬಹುದು.

ಸೇವುಸೇವು: ಊರಿನ ಬಾಗಿಲು ತೆರೆಯುವುದು

ಸೇವುಸೇವು ಅಂದರೆ ಬೇರಿನ ಕಟ್ಟು ಒಪ್ಪಿಸಿ ಊರೊಳಗೆ ಬರಲು ಅನುಮತಿ ಕೇಳುವ ಶಾಸ್ತ್ರ. ಇದನ್ನು ಮಾತ್ರ ತಪ್ಪಿಸುವಂತಿಲ್ಲ. ಹಳ್ಳಿಗೆ ಹೋಗುವ ಮುನ್ನ ಸುವಾ, ಲೌಟೋಕಾ ಅಥವಾ ನಾಂದಿಯ ಮಾರುಕಟ್ಟೆಯಲ್ಲಿ ಯಂಗೋನದ ಕಟ್ಟು ಕೊಳ್ಳಿ. ಯಂಗೋನ ಅಂದರೆ ಕಾವಾ ಗಿಡದ ಒಣಗಿದ ಬೇರು. ಸುಮಾರು ಅರ್ಧ ಕಿಲೋ ಸಾಕು. ಪುಡಿ ಬೇಡ, ಬೇರಿನ ಕಟ್ಟೇ ಬೇಕು. ಪುಡಿ ಕುಡಿಯಲು, ಬೇರು ಒಪ್ಪಿಸಲು. 'ವಾಕಾ' ಎಂದು ಕೇಳಿದರೆ ಬುಡದಿಂದ ಹೊರಟ ಬೇರು ಕೊಡುತ್ತಾರೆ, ಬೆಲೆ ಹೆಚ್ಚು. 'ಲೆವೆನಾ' ಬುಡದ ಭಾಗ, ಅಗ್ಗ. ಅಂಗಡಿಯವರು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ರಿಬ್ಬನ್ ಕಟ್ಟಿ ಕೊಡುತ್ತಾರೆ.

ಊರು ತಲುಪಿದೊಡನೆ ಮನೆಯ ಹಿರಿಯರೊಬ್ಬರ ಜತೆ ಮುಖ್ಯಸ್ಥನ ಬಳಿ, ಅಥವಾ ಊರಿನ ಆಡಳಿತ ನೋಡಿಕೊಳ್ಳುವ 'ತುರಾಂಗಾ ನಿ ಕೋರೊ' ಬಳಿ ಹೋಗಬೇಕು. ಟೋಪಿ, ಕೂಲಿಂಗ್ ಗ್ಲಾಸ್ ತೆಗೆಯಿರಿ, ಚಪ್ಪಲಿ ಹೊರಗೆ, ಹೆಗಲ ಬ್ಯಾಗು ಕೈಗೆ. ಗಂಡಸರು ಚಕ್ಕಂಬಕ್ಕಳ ಹಾಕಿ, ಹೆಂಗಸರು ಕಾಲು ಒಂದು ಬದಿಗೆ ಮಡಚಿ ಚಾಪೆಯ ಮೇಲೆ ಕೂರುತ್ತಾರೆ. ಕಟ್ಟನ್ನು ಕೈಗೆ ಕೊಡಬೇಡಿ, ಅವರ ಮುಂದೆ ನೆಲದ ಮೇಲಿಡಿ. ಮಾತನ್ನು ನಿಮ್ಮ ಹಿರಿಯರು ಆಡುತ್ತಾರೆ, ನಿಮ್ಮ ಕೆಲಸ ಸುಮ್ಮನಿರುವುದು. ಮುಖ್ಯಸ್ಥ ಕಟ್ಟನ್ನು ಮುಟ್ಟಿ ಒಪ್ಪಿಕೊಂಡರೆ ಅಲ್ಲಿಂದ ನೀವು ಊರಿನ ಮನುಷ್ಯ.

ಆಮೇಲೆ 'ತಾನೋವಾ' ಎಂಬ ಮರದ ದೊಡ್ಡ ಬೋಗುಣಿಯಲ್ಲಿ ಕಲಸಿದ ಕಾವಾ ಬರುತ್ತದೆ. ಬಣ್ಣ ಕೆಸರುನೀರು, ರುಚಿ ಮಣ್ಣು ಮತ್ತು ಕಹಿ. ತೆಂಗಿನ ಕರಟ ನಿಮ್ಮ ಮುಂದೆ ಬಂದಾಗ ಅಂಗೈ ಟೊಳ್ಳು ಮಾಡಿ ಒಂದು ಚಪ್ಪಾಳೆ, ಕರಟ ಹಿಡಿದು ಒಂದೇ ಉಸಿರಿಗೆ ಕುಡಿದು ಮುಗಿಸಿ, ಮೂರು ಚಪ್ಪಾಳೆ. ಹೀರುತ್ತಾ ಕೂರುವ ಪಾನೀಯ ಇದಲ್ಲ. ನಾಲಿಗೆ ಜೋಮು ಹಿಡಿಯುತ್ತದೆ, ಗಾಬರಿ ಬೇಡ. 'ಲೋ ಟೈಡ್' ಅಂದರೆ ಅರ್ಧ ಕರಟ ಮಾತ್ರ ತುಂಬುತ್ತಾರೆ. ಯಕೃತ್ತಿನ ತೊಂದರೆ ಇದ್ದವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಮನೆಯವರಿಗೆ ಹೇಳಿ ಬಿಟ್ಟುಬಿಡಿ. ಮದ್ಯದ ಮೇಲೆ ಕಾವಾ ಯಾರಿಗೂ ಬೇಡ.

ಮನೆಯೊಳಗೆ

ಎರಡು ಮೀಟರಿನ ಎರಡು ಸುಲು ಬಟ್ಟೆ ಕೊಂಡುಬಿಡಿ, ನಮ್ಮ ಲುಂಗಿಯ ಹಾಗೆ. ಭುಜ, ಮಂಡಿ ಮುಚ್ಚಿರಬೇಕು. ಹೊರಗೆ ಸ್ನಾನ ಮಾಡುವಾಗಲೂ ಹೆಂಗಸರು ಸುಲು ಸುತ್ತಿಕೊಂಡೇ ಮಾಡುತ್ತಾರೆ. ನೀರು ಮಳೆಯ ಟ್ಯಾಂಕಿನದಾದರೆ ಒಂದು ಬಕೆಟ್ಟಿಗೆ ಸ್ನಾನ ಮುಗಿಸಿ. ಮನೆಗೆ ಎರಡು ಮೂರು ಬಾಗಿಲಿದ್ದರೆ ಎಲ್ಲರೂ ಬಳಸುವ ಬಾಗಿಲಿನಿಂದಲೇ ಒಳಗೆ ಹೋಗಿ, ಮೇಲ್ಬದಿ ಹಿರಿಯರದು. ಕೂತವರನ್ನು ದಾಟುವಾಗ ಬಗ್ಗಿ 'ತುಲೋ', ಕ್ಷಮಿಸಿ, ಅನ್ನಿ. ಯಾರ ತಲೆಯನ್ನೂ ಮುಟ್ಟಬೇಡಿ, ಮುದ್ದಿಗೆ ಮಗುವಿನ ತಲೆ ಸವರುವುದೂ ಸಲ್ಲ. ನಮ್ಮವರು ಹೆಚ್ಚಾಗಿ ತಪ್ಪುವುದು ಇಲ್ಲೇ.

ದಾರಿಯಲ್ಲಿ ಹೋಗುವಾಗ ಮನೆಗಳಿಂದ 'ಮೈ ಕಾನಾ', ಬಂದು ಉಣ್ಣು, ಎಂಬ ಕೂಗು ಬರುತ್ತದೆ. ನಮ್ಮ 'ಊಟ ಆಯ್ತಾ' ಇದ್ದ ಹಾಗೆ. ನಕ್ಕು 'ವಿನಾಕಾ', ಧನ್ಯವಾದ, ಅಂದು ಮುಂದೆ ಹೋದರೆ ಸಾಕು.

'ಕೆರೆಕೆರೆ' ಎಂಬ ಪದ್ಧತಿಯೂ ಇದೆ. ಕೇಳಲು ಕನ್ನಡದಂತಿದ್ದರೂ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದ್ದನ್ನು ಬಂಧುಗಳಿಂದ ಕೇಳಿ ಪಡೆಯುವ ರೂಢಿ ಇದು. ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ. ನಿಮ್ಮ ಟಾರ್ಚ್ ಒಂದು ದಿನ ನೆರೆಮನೆಗೆ ಹೋಗಿ ಅಲ್ಲೇ ಉಳಿಯಬಹುದು. ಬೆಲೆಬಾಳುವುದನ್ನು ಎದುರಿಗಿಡಬೇಡಿ. ಅವರ ವಸ್ತುವನ್ನೂ ಬಾಯಿ ತುಂಬ ಹೊಗಳಬೇಡಿ, ಎತ್ತಿ ಕೊಟ್ಟುಬಿಟ್ಟಾರು. ಉಡುಗೊರೆಯನ್ನು ಮಕ್ಕಳ ಕೈಗೆ ಹಂಚುವ ಬದಲು ಮನೆಯ ತಾಯಿಗೆ ಒಪ್ಪಿಸಿ. ಯಾರಿಗೆ ಎಷ್ಟು ಎಂಬುದು ಅವರಿಗೇ ಗೊತ್ತು. ಪೇಟೆಗೆ ಹೋದಾಗಲೆಲ್ಲ ಅಕ್ಕಿ, ಮೈದಾ, ಸಕ್ಕರೆ, ಚಹಾಪುಡಿ, ಅಡುಗೆ ಎಣ್ಣೆ ತನ್ನಿ. ಕೈಯಲ್ಲಿಟ್ಟ ನಗದಿಗಿಂತ ಇದು ಹೆಚ್ಚು ಸಲ್ಲುತ್ತದೆ.

ಊಟ

ಮಲೆನಾಡು, ಕರಾವಳಿಯವರಿಗೆ ಇಲ್ಲಿ ಹೊಸತು ಕಡಿಮೆ. 'ದಾಲೊ' ನಮ್ಮ ಕೆಸುವಿನ ಗೆಡ್ಡೆ, 'ರೌರೌ' ಕೆಸುವಿನ ಎಲೆ, 'ತವಿಯೋಕ' ಮರಗೆಣಸು, 'ಲೋಲೊ' ಕಾಯಿಹಾಲು. ರೌರೌವನ್ನು ಕಾಯಿಹಾಲಿನಲ್ಲಿ ಬೇಯಿಸುತ್ತಾರೆ. ಪತ್ರೊಡೆ ಮಾಡುವವರಿಗೆ ಗೊತ್ತಿರುವಂತೆ ಅರೆಬೆಂದರೆ ಗಂಟಲು ಕೆರೆಯುತ್ತದೆ. ನೀವು ಅಡುಗೆಗೆ ಕೈಹಾಕಿದ ದಿನ ಎಲೆ ಪೂರ್ತಿ ಕರಗಿದೆಯೇ ನೋಡಿ.

ಸಸ್ಯಾಹಾರಿಗಳು ಮೊದಲ ದಿನವೇ ಹೇಳಬೇಕು, 'ಮಾಂಸ ತಿನ್ನಲ್ಲ' ಅಂದರೆ ಸಾಲದು. ಮೀನನ್ನು ಮಾಂಸವೆಂದು ಎಣಿಸದಿರಬಹುದು, ಡಬ್ಬಿಯ ಟ್ಯೂನಾ ನಿತ್ಯದ ಪದಾರ್ಥ, ಡಬ್ಬಿಯ ದನದ ಮಾಂಸವೂ ಅಷ್ಟೇ ಸಾಮಾನ್ಯ. ಹೆಸರು ಹೆಸರಾಗಿ ಹೇಳಿ. ಮೀನು ತಿನ್ನುವವರಿಗೆ ಒಂದು ಎಚ್ಚರಿಕೆ: ಹವಳದಿಬ್ಬದ ದೊಡ್ಡ ಮೀನುಗಳಲ್ಲಿ 'ಸಿಗುವಾಟೆರಾ' ವಿಷ ಇರಬಹುದು, ಕುದಿಸಿದರೂ ಕರಿದರೂ ಅದು ಹೋಗದು. ವಾಂತಿ, ತುಟಿಯ ಸುತ್ತ ಜುಮುಗುಡುವಿಕೆ, ತಣ್ಣನೆಯದು ಬಿಸಿಯಾಗಿ ಅನ್ನಿಸುವುದು ಇದರ ಲಕ್ಷಣ. ಊರಿನವರು ಮುಟ್ಟದ ಮೀನನ್ನು ನೀವೂ ಮುಟ್ಟಬೇಡಿ.

ಬಡಿಸುವಾಗ ಅತಿಥಿಗೆ ಮೊದಲು, ಉಳಿದವರು ಆಮೇಲೆ. ಪಾತ್ರೆ ಖಾಲಿ ಮಾಡಿದರೆ ಆಮೇಲೆ ಉಣ್ಣುವವರಿಗೆ ಕಡಿಮೆಯಾದೀತು. ಅಗತ್ಯದಷ್ಟು ಹಾಕಿಸಿಕೊಂಡು 'ಮಾಮೌ', ಹೊಟ್ಟೆ ತುಂಬಿತು, ಅನ್ನಿ.

ಭಾನುವಾರ, ಜ್ವರ, ಗಾಯ

ಭಾನುವಾರ ಚರ್ಚ್, ಊಟ, ನಿದ್ದೆ. ಹೊಲ, ಈಜು, ಆಟ, ಗಟ್ಟಿ ಹಾಡು ಯಾವುದೂ ಇಲ್ಲ. ಚರ್ಚಿಗೆ ಬರಬೇಕೆಂಬ ಕಡ್ಡಾಯವಿಲ್ಲದಿದ್ದರೂ ಒಂದು ಸಲ ಹೋಗಿ ಹಿಂದೆ ಕೂತು ಬಂದರೆ ಮನೆಯವರಿಗೆ ಸಮಾಧಾನ.

ಫಿಜಿಯಲ್ಲಿ ಮಲೇರಿಯಾ ಇಲ್ಲ. ಡೆಂಗ್ಯೂ, ಟೈಫಾಯಿಡ್, ಇಲಿಜ್ವರ ಇವೆ. ನೀರು ಕುದಿಸಿ ಕುಡಿಯಿರಿ, ಕೆಸರಿನಲ್ಲಿ ಬರಿಗಾಲು ಬೇಡ. ಹವಳ ತಾಗಿದ ಸಣ್ಣ ಗೀರೂ ಎರಡು ದಿನಕ್ಕೆ ಕೀವಾಗಬಹುದು. ಕುದಿಸಿ ಆರಿಸಿದ ನೀರಿನಲ್ಲಿ ಉಜ್ಜಿ ತೊಳೆದು, ಅಂಟಿಸೆಪ್ಟಿಕ್ ಹಚ್ಚಿ, ನೊಣ ಕೂರದಂತೆ ಕಟ್ಟಿ. ಜ್ವರಕ್ಕೆ ಡೆಂಗ್ಯೂ ಅನುಮಾನವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.

ಹೊರಡುವಾಗ

ಬಂದಾಗ ಅನುಮತಿ ಕೇಳಿದ ಹಾಗೆ ಹೋಗುವಾಗಲೂ ಕೇಳಬೇಕು. ಅದಕ್ಕೆ 'ಇ ತಾತೌ' ಎನ್ನುತ್ತಾರೆ. ಹೊರಡುವ ಹಿಂದಿನ ಸಂಜೆಗೆ ಇನ್ನೊಂದು ಯಂಗೋನದ ಕಟ್ಟು ಬೇಕಾಗುತ್ತದೆ. ಹಳ್ಳಿಯಲ್ಲಿ ಒಳ್ಳೆಯದು ಸಿಗುವ ಖಾತ್ರಿಯಿಲ್ಲವಾದ್ದರಿಂದ ಕೊನೆಯ ಸಲ ಪೇಟೆಗೆ ಹೋದಾಗಲೇ ತಂದು, ಒಣಗಿದ ಜಾಗದಲ್ಲಿ, ಇಲಿಗೆ ಎಟುಕದ ಹಾಗೆ ತೂಗುಹಾಕಿಡಿ.